ಕತ್ತಿಯ ದೊರೆ, ಹಾರೆಯ ಹೆಂಗಸು

ನವೆಂಬರ್ ೪, ಬುಧವಾರ

ಇವತ್ತು ಓದುಕೋಣೆಯಲ್ಲಿ ಒಂಬತ್ತು ಜನ. ಕಳೆದ ವಾರಕ್ಕಿಂತ ಒಬ್ಬರು ಹೆಚ್ಚು. ಆ ಒಬ್ಬರು ನಲ್ಲಿ ರಿಪೇರಿಗೆ ಬಂದವರು, ಕಥೆ ಬಿಟ್ಟು ಏಳಲಾರದೆ ಕೂತರು. ಅವರನ್ನೂ ಸೇರಿಸಿಕೊಂಡಿದ್ದೇನೆ.

ಪುಸ್ತಕ ಇಂಗ್ಲಿಷಿನದು, ನಾನೂರ ಅರವತ್ತು ಪುಟ, ತಲೆದಿಂಬಿನಷ್ಟು ದಪ್ಪ. ಹಿಂದೆ ಇಲ್ಲಿದ್ದ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದು. ಮೊದಲ ಹಾಳೆಗಳಿಲ್ಲ, ರಟ್ಟಿನ ಮೇಲಿನ ಹೆಸರೂ ಅಳಿಸಿದೆ. ಹಳೆಯ ಆಂಗ್ಲರ ಕಾಲದ ಅಚ್ಚಿನಲ್ಲಿ ಎರಕ ಹೊಯ್ದ ಕಲ್ಪನೆಯ ಕಥೆ. ಮರದ ದೊಡ್ಡ ಸಭಾಮನೆ, ನಡುವೆ ಬೆಂಕಿ, ಗುರಾಣಿ ಹಿಡಿದ ಬಂಟರು, ಉಂಗುರ ಹಂಚುವ ದೊರೆ, ಆ ದೊರೆಯನ್ನು ಹೊಗಳಲೆಂದೇ ಇಟ್ಟುಕೊಂಡ ಹಾಡುಗಾರ. ನಮ್ಮ ಗುಂಪಿನಲ್ಲಿ ಕಾಲೇಜಿನ ಇಂಗ್ಲಿಷ್ ಇರುವುದು ನನಗೊಬ್ಬನಿಗೇ. ಆದ್ದರಿಂದ ನಾನು ಒಂದು ಪುಟ ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಗೊತ್ತಿಲ್ಲದ ಪದ ಬಂದರೆ ಕೆಮ್ಮುತ್ತೇನೆ. ಇವತ್ತು ಹನ್ನೊಂದು ಸಲ ಕೆಮ್ಮಿದೆ. ಮೊದಲ ಮಹಡಿಯ ದರ್ಜಿಯಮ್ಮ ಪಾಪ ಬಿಸಿನೀರು ತಂದುಕೊಟ್ಟರು.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಆ ಹಳೆಯ ಕಾಲವನ್ನು ಎರಡು ವಾರ ಪಾಠ ಮಾಡಿದರು. ಮೂರನೆಯ ವಾರ ಅವರಿಗೆ ಮದುವೆಯಾಯಿತು, ಪಾಠ ಅಲ್ಲಿಗೇ ನಿಂತಿತು. ನನ್ನ ತಲೆಯಲ್ಲಿ ಉಳಿದದ್ದು ಎರಡೇ ಸಂಗತಿ. ಒಂದು, ವೀರನಾದವನು ಹಿಂದೆ ಹೆಜ್ಜೆ ಇಡುವುದಿಲ್ಲ. ಎರಡು, ಆ ಜನ ಯಾವುದನ್ನೂ ನೇರ ಹೆಸರಿನಿಂದ ಕರೆಯುತ್ತಿರಲಿಲ್ಲ, ಎರಡು ಪದ ಗಂಟು ಹಾಕಿ ಕರೆಯುತ್ತಿದ್ದರು. ಎರಡೂ ನನಗೆ ಹಿಡಿಸಿದ್ದವು. ಆಮೇಲೆ ಮೂವತ್ತೊಂದು ವರ್ಷ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿದೆ. ಗುಮಾಸ್ತನಾಗಿ. ಬೆಂಕಿಯನ್ನು ಟೈಪ್ ಮಾಡಿದ್ದೇನೆಯೇ ಹೊರತು ನೋಡಿಲ್ಲ. ಆದರೆ ಅದು ಅವಕಾಶದ ಕೊರತೆ, ಎದೆಯ ಕೊರತೆಯಲ್ಲ.

ಕಥೆ ಈಗ ಕುದಿಯುವ ಹಂತಕ್ಕೆ ಬಂದಿದೆ. ನದಿಯ ಆಚೆ ದಡದಲ್ಲಿ ದೈತ್ಯರು. ಅವರಿಗೆ ಈಜು ಬರುವುದಿಲ್ಲ. ನದಿ ಹೆಪ್ಪುಗಟ್ಟಿದರೆ ಮಾತ್ರ ಈಚೆ ಬರಬಲ್ಲರು. ಈಚೆ ಕಡೆ ಒಬ್ಬ ಹೆಂಗಸು ನಲವತ್ತು ಜನರನ್ನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಹಾರೆಯಿಂದ ಮಂಜುಗಡ್ಡೆ ಒಡೆಯುತ್ತಾಳೆ. ಅಷ್ಟೇ ಅವಳ ಕೆಲಸ. ದೈತ್ಯರು ದಡದಲ್ಲಿ ಕೂತು ಚಳಿಗೆ ಹಲ್ಲು ಕಡಿಯುತ್ತಿದ್ದಾರೆ.

ಗುರುವಾರದಿಂದ ಮಂಗಳವಾರದವರೆಗೆ ನಾನು ಯಾರೊಂದಿಗೆ ಎಷ್ಟು ಮಾತಾಡಿದೆ ಎಂದು ಯೋಚಿಸಿದೆ. ನಾದಿನಿಯನ್ನು ಬಿಟ್ಟರೆ, ಲಿಫ್ಟಿನಲ್ಲಿ ಒಬ್ಬರು "ಎಷ್ಟನೇ ಮಹಡಿ?" ಅಂದರು, "ಎರಡು" ಅಂದೆ. ಬುಧವಾರ ಎರಡು ಗಂಟೆ ಕಾಲ ಬಾಯಿ ಮುಚ್ಚುವುದಿಲ್ಲ. ಹೆಂಡತಿ ಹೋಗಿ ಹದಿನಾಲ್ಕು ತಿಂಗಳು. ಅವಳಿದ್ದಾಗ ಪ್ರತಿದಿನವೂ ಬುಧವಾರವೇ.

ನವೆಂಬರ್ ೭, ಶನಿವಾರ

ಎರಡು ಪದ ಗಂಟು ಹಾಕುವ ಚಟ ಹತ್ತಿದೆ. ಲಿಫ್ಟು: ನಿಂತ-ಏಣಿ. ಮೊಣಕಾಲು: ಮೆಟ್ಟಿಲು-ದ್ವೇಷಿ. ಕನ್ನಡಕ: ಮೂಗು-ಸವಾರ. ಟೀ: ಸಂಜೆ-ಊರುಗೋಲು. ನಾದಿನಿ: ಬ್ರೇಕು-ನಾಲಿಗೆ. ಇದನ್ನು ಅವಳಿಗೆ ಹೇಳಿಲ್ಲ, ನನಗೂ ಜೀವದ ಮೇಲೆ ಆಸೆಯಿದೆ. ಹಾಸಿಗೆಯ ಆ ಕಡೆಗೊಂದು ಹೆಸರು ಹುಡುಕಿದೆ. ಸಿಗಲಿಲ್ಲ.

ಸಂಜೆ ಕೆಳಗಿಳಿದರೆ ಸೂಚನಾ ಫಲಕದಲ್ಲಿ ಕಾಗದ. ಹದಿನೈದರಂದು ನಿವಾಸಿಗಳ ಸಭೆ. ವಿಷಯ: ಮುಂದಿನ ಕಟ್ಟಡದ, ಅಂದರೆ ನಮ್ಮ, ನೆಲಮಹಡಿಯ ಓದುಕೋಣೆಯನ್ನು ಟೇಬಲ್ ಟೆನಿಸ್ ಕೋಣೆ ಮಾಡುವುದು. ಸಹಿ ಹಾಕಿದವರು ಇದೇ ಆವರಣದ ಹಿಂದಿನ ಕಟ್ಟಡದ ಸೀಟಿ ಮೇಷ್ಟ್ರು. ಶಾಲೆಯಲ್ಲಿ ಆಟ ಆಡಿಸುತ್ತಿದ್ದವರು, ನಿವೃತ್ತರು. ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತದೆ. ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ಊದುತ್ತಾರೆ, ಎದುರಿಗೆ ಯಾರಾದರೂ ಬರುತ್ತಿದ್ದರೆ ಡಿಕ್ಕಿಯಾಗಬಾರದೆಂದು.

ಕಾಗದವನ್ನು ಮೂರು ಸಲ ಓದಿದೆ. ದೈತ್ಯರು ದಡಕ್ಕೆ ಬಂದರು!

ನವೆಂಬರ್ ೧೧, ಬುಧವಾರ

ಇವತ್ತು ಓದಿದ್ದು ಐದು ಪುಟ, ಜಗಳವಾಡಿದ್ದು ಒಂದೂವರೆ ಗಂಟೆ.

ಕಥೆಯಲ್ಲಿ ಏನಾಯಿತೆಂದರೆ, ಸಭಾಮನೆಯಲ್ಲಿ ಹಾಡುಗಾರ ದೊರೆಗೆ ಹೇಳುತ್ತಾನೆ: "ಒಡೆಯಾ, ನಿಮ್ಮ ತಾತ ಹೆಬ್ಬಾವಿನ ಬಾಯಿಗೆ ಕೈ ಹಾಕಿದರು, ಹಾಡಿದೆವು. ನಿಮ್ಮ ತಂದೆ ಮುರಿದ ಕತ್ತಿಯಲ್ಲಿ ಮೂವರನ್ನು ಕಡಿದರು, ಹಾಡಿದೆವು. ನಿಮ್ಮ ಬಗ್ಗೆ ಏನಂತ ಹಾಡಲಿ? ದೊರೆಯ ಆಳುಗಳು ಬೆಳಿಗ್ಗೆ ಎದ್ದು ಗಡ್ಡೆ ಒಡೆದರು, ಮಾರನೆಯ ದಿನವೂ ಒಡೆದರು ಅಂತಲೇ?" ದೊರೆಗೆ ನಾಚಿಕೆಯಾಗಿ ಅಪ್ಪಣೆ ಮಾಡುತ್ತಾನೆ: ನಾಳೆಯಿಂದ ಮಂಜುಗಡ್ಡೆ ಒಡೆಯಕೂಡದು. ನದಿ ಹೆಪ್ಪುಗಟ್ಟಲಿ, ದೈತ್ಯರು ಬರಲಿ, ಗಂಡಸರ ಹಾಗೆ ಹೊಡೆದಾಡೋಣ.

ಓದುತ್ತಾ ನನಗೆ ಮೈಮೇಲೆ ಮುಳ್ಳೆದ್ದಿತು. ಪುಸ್ತಕವನ್ನು ಎದೆಗಾನಿಸಿಕೊಂಡು ಎದ್ದು ನಿಂತೆ.

"ಕೂತ್ಕೊಳ್ಳಿ ಭಾವ" ಅಂದಳು ನಾದಿನಿ. ಮೂರನೆಯ ಮಹಡಿಯಲ್ಲಿದ್ದಾಳೆ, ನನ್ನ ಹೆಂಡತಿಯ ತಂಗಿ. ಇಪ್ಪತ್ತೆಂಟು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆದವಳು. "ಆ ದೊರೆಗೆ ತಲೆ ಕೆಟ್ಟಿದೆ. ಒಡೀತಿದ್ದಳಲ್ಲ ಪಾಪ, ಒಡೀಲಿ ಬಿಡಿ ಅಂತ ಒಳಗೆ ಬೆಚ್ಚಗೆ ಕೂತಿದ್ರೆ ಏನು ಗಂಟು ಹೋಗ್ತಿತ್ತು?"

"ಮರ್ಯಾದೆ ಹೋಗ್ತಿತ್ತು" ಅಂದೆ. "ಹಾನರ್! ಅದಿಲ್ಲದೆ ಮನುಷ್ಯ ಏನು?"

"ಬದುಕಿರ್ತಾನೆ."

ಗಡಿಯಾರ ರಿಪೇರಿಯವರು ನನ್ನ ಪಕ್ಷಕ್ಕೆ ಬಂದರು. ದರ್ಜಿಯಮ್ಮ ಅವಳ ಪಕ್ಷ. "ಬಟ್ಟೆ ಹರಿದ ಮೇಲೆ ಹೊಲಿಯೋದಕ್ಕಿಂತ ಮೊದಲೇ ಒಂದು ಹೊಲಿಗೆ ಹಾಕೋದು ಲೇಸು ಅಲ್ವೇನ್ರೀ?" ಅಂದರು. ಗಡಿಯಾರದವರು, "ಹೊಲಿಗೆ ಬಗ್ಗೆ ಯಾರಾದರೂ ಹಾಡು ಕಟ್ಟಿದ್ದಾರಾ?" ಅಂದರು. ದರ್ಜಿಯಮ್ಮ, "ನೀವು ಹಾಕ್ಕೊಂಡಿರೋ ಪ್ಯಾಂಟು ನಾನು ಹೊಲಿದದ್ದು, ಹಾಡು ಬೇಕಾ ಪ್ಯಾಂಟು ಬೇಕಾ, ಹೇಳಿಬಿಡಿ" ಅಂದರು. ಗಡಿಯಾರದವರು ಪಕ್ಷ ಬದಲಾಯಿಸಿದರು.

ನಾದಿನಿ ಒಂದು ತರಲೆ ಪ್ರಶ್ನೆ ಕೇಳಿದಳು: "ದೈತ್ಯರ ಭಾರಕ್ಕೆ ಆ ಗಡ್ಡೆ ತಾನೇ ಒಡೆಯಲ್ವಾ?" ಕಥೆ ಕೆಡಿಸಬೇಡ ಅಂದೆ.

ಕೊನೆಗೆ ವೀರರ ಪಕ್ಷದಲ್ಲಿ ಉಳಿದದ್ದು ನಾನು ಮತ್ತು ನಲ್ಲಿಯವರು. ಅವರೂ ಬಂದದ್ದು ವಾಷರ್ ಬದಲಿಸಲು.

ನವೆಂಬರ್ ೧೫, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಭೆ ಐದು ಗಂಟೆಗೆ, ಓದುಕೋಣೆಯಲ್ಲೇ. ನಮ್ಮ ಸಂಘದ ನಿಯಮ ಹಳೆಯದು: ಐದಕ್ಕೆ ಅಧ್ಯಕ್ಷರು ಬಾಗಿಲ ಬಳಿ ನಿಂತು ತಲೆ ಎಣಿಸುತ್ತಾರೆ, ಆಗ ಕೋಣೆಯಲ್ಲಿದ್ದವರಿಗೆ ಮಾತ್ರ ಕೈ ಎತ್ತುವ ಹಕ್ಕು. ನಾವು ಮುಂದಿನ ಕಟ್ಟಡದವರು ಹದಿನಾಲ್ಕು ಜನ ನಾಲ್ಕೂ ಮುಕ್ಕಾಲಿಗೇ ಕೂತಿದ್ದೆವು. ಐದಕ್ಕೆ ಐದು ನಿಮಿಷ ಇತ್ತು, ಹಿಂದಿನ ಕಟ್ಟಡದವರು ಒಬ್ಬರೂ ಇಲ್ಲ.

ಆಗ ಶುರುವಾಯಿತು ಶಬ್ದ. ಧಡ್, ಧಡ್, ಧಡ್.

ಓದುಕೋಣೆ ತೆರೆಯುವುದು ಎರಡು ಕಟ್ಟಡಗಳ ನಡುವಿನ ಓಣಿಗೆ, ಆ ಓಣಿಗೆ ಒಂದು ಕಬ್ಬಿಣದ ಬಾಗಿಲಿದೆ. ಜೋರಾಗಿ ಬಡಿದರೆ ಅದರ ಚಿಲಕ ತಾನೇ ಬೀಳುತ್ತದೆ, ತೆಗೆಯಲು ಬರುವುದು ನಮ್ಮ ಕಡೆಯಿಂದ ಮಾತ್ರ. ಚಿಲಕ ಬಿದ್ದಿತ್ತು. ಅವರೆಲ್ಲ ಆಚೆ ಸಿಕ್ಕಿಹಾಕಿಕೊಂಡಿದ್ದರು. ಬೀದಿ ಸುತ್ತಿ ಮುಂದಿನ ಗೇಟಿನಿಂದ ಬರಬೇಕೆಂದರೆ ಹತ್ತು ಹನ್ನೆರಡು ನಿಮಿಷ ಬೇಕು.

ಅಧ್ಯಕ್ಷರಿಗೆ ಕಿವಿ ಸ್ವಲ್ಪ ಮಂದ. "ಏನದು ಸದ್ದು?" ಅಂದರು.

"ಗಾಳಿ" ಅಂದಳು ನಾದಿನಿ.

ಆಚೆಯಿಂದ ಸೀಟಿ ಕೇಳಿಸಿತು.

"ಗಾಳಿ ಸೀಟಿ ಹೊಡೆಯುತ್ತಾ?"

"ಸಂದಿಯಲ್ಲಿ ನುಗ್ಗಿದರೆ ಹೊಡೆಯುತ್ತೆ. ನಮ್ಮ ಕ್ಯಾಬಿನ್ನಲ್ಲಿ ದಿನಾ ಹೊಡೀತಿತ್ತು" ಅಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ದರ್ಜಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡರು. ಇನ್ನು ಮೂರೇ ನಿಮಿಷ. ಎಣಿಕೆ ಮುಗಿದರೆ ಕೋಣೆ ನಮ್ಮದು. ಎಲ್ಲರೂ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

ನನಗೆ ಏನಾಯಿತೋ! ಆ ಧಡ್ ಧಡ್ ಸದ್ದಿನಲ್ಲಿ ನನಗೆ ನದಿ ಕಾಣಿಸಿತು, ದೊರೆ ಕಾಣಿಸಿದ. ಬಾಗಿಲು ಹಾಕಿಕೊಂಡು ಗೆದ್ದರೆ ಅದೊಂದು ಗೆಲುವೇ? ಎದ್ದು ನಿಂತೆ. "ಬರಲಿ ಅವರು! ಬಂದು ಎದುರಿಗೆ ನಿಂತು ಸೋಲಲಿ!" ಎಂದು ಕೂಗಿದೆ. ಕೊನೆಗೆ ಇಂಗ್ಲಿಷಿನಲ್ಲೂ ಏನೋ ಅಂದೆ, "ಲೆಟ್ ದೆಮ್ ಕಮ್" ಅಂತಲೇ ಇರಬೇಕು. ಧಾವಿಸಿ ಹೋಗಿ ಚಿಲಕ ತೆಗೆದೆ.

ಬಂದರು. ಸೀಟಿ ಮೇಷ್ಟ್ರು ಮುಂದೆ, ಹಿಂದೆ ಹದಿನೆಂಟು ಜನ. ನನ್ನ ಕೈ ಕುಲುಕಿ "ತುಂಬಾ ಉಪಕಾರ ಆಯ್ತು ಸಾರ್" ಅಂದರು. ಒಳಗೆ ಹೋಗಿ ಕೂತರು. ಹತ್ತೊಂಬತ್ತಕ್ಕೆ ಹದಿನಾಲ್ಕು. ಕೋಣೆ ಹೋಯಿತು. ಟೇಬಲ್ಲು ಇಪ್ಪತ್ತೆಂಟಕ್ಕೆ ಬರುತ್ತದಂತೆ.

ಹೊರಗೆ ಬರುವಾಗ ನಾದಿನಿ ನನ್ನ ಪಕ್ಕದಲ್ಲಿ ನಡೆದಳು. "ಬಾಗಿಲು ನಾನು ಹಾಕಿರಲಿಲ್ಲ ಭಾವ. ಅದು ತಾನೇ ಹಾಕ್ಕೊಂಡಿತ್ತು. ತಾನೇ ಹಾಕ್ಕೊಂಡ ಬಾಗಿಲನ್ನ ತೆಗೆಯೋಕೆ ನಿಮಗೇನು ಬಂದಿತ್ತು ಧಾಡಿ?"

ಇಂಥ ಸಭೆಗಳಲ್ಲಿ ಹೆಂಡತಿ ನನ್ನ ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಏಳುವ ಮೊದಲೇ ಅಂಗಿಯ ಹಿಂಭಾಗ ಹಿಡಿದಿರುತ್ತಿದ್ದಳು. ಎಷ್ಟು ಸಲ ಸಿಟ್ಟಾಗಿದ್ದೇನೆ, ಬಟ್ಟೆ ಹಿಗ್ಗುತ್ತದೆ ಕಣೇ ಅಂತ. ಇವತ್ತು ಅಂಗಿ ಹಿಗ್ಗಲಿಲ್ಲ.

ನವೆಂಬರ್ ೧೬, ಸೋಮವಾರ

ಯಾರೂ ಮಾತಾಡಿಸಲಿಲ್ಲ. ಲಿಫ್ಟಿನಲ್ಲಿ ಗಡಿಯಾರದವರು ನನ್ನನ್ನು ಕಂಡು ಮೆಟ್ಟಿಲಿನ ಕಡೆ ತಿರುಗಿದರು. ಅವರಿಗೆ ಆಸ್ತಮಾ ಇದೆ.

ನವೆಂಬರ್ ೧೮, ಬುಧವಾರ

ನಾಲ್ಕು ಗಂಟೆಗೆ ಕೋಣೆ ತೆರೆದು ಒಂಬತ್ತು ಕುರ್ಚಿ ಹಾಕಿದೆ. ನಾಲ್ಕೂಕಾಲಿಗೆ ಆರು ಕುರ್ಚಿ ಮಡಚಿದೆ. ನಾಲ್ಕೂವರೆಗೆ ಇನ್ನೆರಡು ಮಡಚಿದೆ. ಯಾರೂ ಬರಲಿಲ್ಲ. ನಲ್ಲಿಯವರೂ ಬರಲಿಲ್ಲ, ವಾಷರ್ ಸರಿಯಾಗಿದೆ.

ನಾನೊಬ್ಬನೇ ಮುಂದಕ್ಕೆ ಓದಿದೆ. ಇನ್ನೂರ ಹನ್ನೆರಡನೆಯ ಪುಟದಲ್ಲಿ ದೊರೆ ಸತ್ತ.

ನಂಬಲಿಕ್ಕಾಗದೆ ಮತ್ತೆ ಓದಿದೆ. ನದಿ ಕಟ್ಟಿತು, ದೈತ್ಯರು ಬಂದರು, ದೊರೆ ಒಂದು ಒಳ್ಳೆಯ ಮಾತು ಹೇಳಿದ, ಮುಂದಿನ ಪುಟದ ಅರ್ಧಕ್ಕೆ ಸತ್ತ. ಒಂದೂವರೆ ಪುಟ! ಹಾಡುಗಾರ ಅವನಿಗಿಂತ ಮೊದಲು ಸತ್ತ, ಹಾಡಲಿಕ್ಕೂ ಗತಿಯಿಲ್ಲ. ಉಳಿದ ಇನ್ನೂರ ನಲವತ್ತೆಂಟು ಪುಟ ಪೂರ್ತಿ ಆ ಹಾರೆಯ ಹೆಂಗಸಿನದು. ಬರೆದವನಿಗೆ ಬುದ್ಧಿ ಬೇಡವೇ?

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ನಾನು ಹೇಳುವ ಕಥೆಯಲ್ಲಿ ದೊರೆ ಸಾಯುವುದಿಲ್ಲ.

ನವೆಂಬರ್ ೨೦, ಶುಕ್ರವಾರ

ನಾದಿನಿ ಬಂದಳು. ಬಾಗಿಲಲ್ಲೇ ನಿಂತು, "ಐದು ದಿನದಿಂದ ಏನು ತಿಂದ್ರಿ?" ಅಂದಳು. ಬ್ರೆಡ್ಡು ಅಂದೆ. ಡಬ್ಬಿ ಮೇಜಿನ ಮೇಲೆ ಕುಕ್ಕಿದಳು. ತಿಂದೆ.

ತಿಂದ ಮೇಲೆ ಧೈರ್ಯ ಬಂತು. ನನ್ನ ಯೋಜನೆ ಹೇಳಿದೆ. ಇಪ್ಪತ್ತೆಂಟಕ್ಕೆ ಟೇಬಲ್ಲು ಬರುವಾಗ ನಾನು ಕೋಣೆಯೊಳಗೆ ನಿಲ್ಲುತ್ತೇನೆ. ಒಂದು ಹೆಜ್ಜೆ, ಒಂದು ಪಾದದಳತೆ, ಒಂದು ಕಾಲ್ಬೆರಳು ಹಿಂದೆ ಸರಿಯುವುದಿಲ್ಲ. ಎಡಗೈಯಲ್ಲಿ ಗುರಾಣಿ ಇರುತ್ತದೆ. ಕೋಣೆಯನ್ನು ಕಳೆದವನು ನಾನು, ಕೋಣೆಯಲ್ಲೇ ಬೀಳುತ್ತೇನೆ.

ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಚೀಲದಿಂದ ಅಳತೆ ಟೇಪು ತೆಗೆದಳು. "ನಿನ್ನೆ ಹಿಂದಿನ ಕಟ್ಟಡಕ್ಕೆ ಹೋಗಿದ್ದೆ. ಟೇಬಲ್ ಹೇಗಿರುತ್ತೆ ಅಂತ ಮೇಷ್ಟ್ರನ್ನ ಕೇಳಿದೆ. ಯಾವುದೋ ಶಾಲೆಯ ಹಳೇ ಟೇಬಲ್ಲು, ಕಬ್ಬಿಣದ ಕಾಲು, ಬೋಲ್ಟ್ ಹಾಕಿ ಬಿಗಿದಿದ್ದಾರೆ. ಕಾಲು ಬಿಚ್ಚಿ ತನ್ನಿ, ಇಲ್ಲದಿದ್ರೆ ಬಾಗಿಲಲ್ಲಿ ಹೋಗಲ್ಲ ಅಂದೆ."

"ಏನಂದ್ರು?"

"'ನಾಲ್ಕು ಗಂಡಸರಿದ್ದೀವಮ್ಮ, ತಳ್ಳಿದ್ರೆ ಹೋಗುತ್ತೆ' ಅಂದ್ರು. ಸರಿ ಅಂತ ಬಂದೆ." ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. "ನಿಮ್ಮ ಯೋಜನೆ ಚೆನ್ನಾಗಿದೆ ಭಾವ. ಒಳಗೇ ಇರಿ. ಪ್ರಾಣ ಹೋದ್ರೂ ಹೊರಗೆ ಬರಬೇಡಿ. ಪುಸ್ತಕ ಕೈಯಲ್ಲಿರಲಿ, ಒಂದು ಬಾಟಲಿ ನೀರೂ ಇರಲಿ."

ಮೊದಲ ಸಲ ಅವಳು ನನ್ನ ಮಾತನ್ನು ಒಪ್ಪಿದ್ದು. ವೀರಾವೇಶ ಅನ್ನುವುದು ಅಂಟುರೋಗವಿರಬೇಕು.

ನವೆಂಬರ್ ೨೫, ಬುಧವಾರ

ಎಂಟು ಜನ ಬಂದರು. ನಾದಿನಿ ಮನೆಮನೆಗೆ ಹೋಗಿ ಕರೆದಳಂತೆ. ಗಡಿಯಾರದವರು ಮುಖ ಬಿಗಿದುಕೊಂಡೇ ಕೂತರು, ಆದರೆ ಮುಂದಿನ ಸಾಲಿನಲ್ಲಿ.

ನದಿ ಕಟ್ಟುವವರೆಗೆ ಓದಿದೆ. ಹಾರೆಯ ಹೆಂಗಸು ದೊರೆಯ ಅಪ್ಪಣೆಯಂತೆ ಹಾರೆಗಳನ್ನು ಕೊಟ್ಟಿಗೆಗೆ ಸೇರಿಸಿದಳು. ಆದರೆ ಕೊಟ್ಟಿಗೆಗೆ ಬೀಗ ಹಾಕಲಿಲ್ಲ. "ಭೇಷ್" ಅಂದರು ದರ್ಜಿಯಮ್ಮ. "ಮುಂದೇನು? ದೊರೆ ಗೆದ್ದನಾ?" ಅಂತ ಎಲ್ಲರೂ ಮುಗಿಬಿದ್ದರು. ಕೆಮ್ಮಿದೆ.

ನವೆಂಬರ್ ೨೮, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಕೋಣೆ ಹೊಕ್ಕೆ. ಬಲಗೈಯಲ್ಲಿ ಪುಸ್ತಕ, ಎಡಗೈಯಲ್ಲಿ ಗುರಾಣಿ, ಕಂಕುಳಲ್ಲಿ ನೀರಿನ ಬಾಟಲಿ. ಹತ್ತು ಗಂಟೆಗೆ ಸೀಟಿ ಕೇಳಿಸಿತು. ನಾಲ್ವರು ಟೇಬಲ್ಲು ಹೊತ್ತು ತಂದರು. ಅವರ ಹಿಂದೆ ನೋಡಲೆಂದು ಹಿಂದಿನ ಕಟ್ಟಡವೇ ಬಂದಿತ್ತು.

"ದಾರಿ ಬಿಡಿ ಸಾರ್" ಅಂದರು ಸೀಟಿ ಮೇಷ್ಟ್ರು.

"ಬಿಡಲ್ಲ" ಅಂದೆ.

"ಹಾಗಾದ್ರೆ ಒಳಗೇ ನಿಂತ್ಕೊಳ್ಳಿ, ನಾವು ಪಕ್ಕದಲ್ಲಿಡ್ತೀವಿ."

ಗುರಾಣಿಯನ್ನು ಇನ್ನಷ್ಟು ಮುಂದಕ್ಕೆ ಹಿಡಿದೆ. ಅಷ್ಟರಲ್ಲಿ ಟೇಬಲ್ಲು ಬಾಗಿಲಿಗೆ ಬಂದು ನಿಂತಿತು. ಓರೆ ಮಾಡಿದರು, ಹೋಗಲಿಲ್ಲ. ಇನ್ನೊಂದು ಕಡೆ ಓರೆ ಮಾಡಿದರು. ಹೊರಗಿನಿಂದ ನಾದಿನಿಯ ದನಿ: "ಮೇಷ್ಟ್ರೇ, ಕಾಲು ಬಿಚ್ಚೋದು ಒಳ್ಳೇದು." ಮೇಷ್ಟ್ರು ಅಂದರು, "ಮೂವತ್ತು ವರ್ಷದಲ್ಲಿ ಒಂದು ಸಲವೂ ಟೇಬಲ್ ಕಾಲು ಬಿಚ್ಚಿಲ್ಲಮ್ಮ, ಈಗ ಬಿಚ್ತೀನಾ? ನಾನು ಒಳಗೆ ಹೋಗಿ ಎಳೀತೀನಿ, ನೀವೆಲ್ಲ ತಳ್ಳಿ!" ಕಾಲುಗಳ ನಡುವೆ ಅಂಬೆಗಾಲಿಟ್ಟು ತೂರಿ ಒಳಗೆ ಬಂದರು. ಸೀಟಿ ಊದಿದರು. ತಳ್ಳಿದರು. ಎಳೆದರು. ಕರ್ರ್ ಎಂದು ಟೇಬಲ್ಲು ಅರ್ಧ ಒಳಗೆ ಬಂದು, ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡು, ಅಲ್ಲೇ ನಿಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಕೆಳಗಿನ ಸಂದಿಯಲ್ಲಿ ಈಗ ಬೆಕ್ಕೂ ತೂರುವಂತಿರಲಿಲ್ಲ. ಕಿಟಕಿಗೆ ಕಂಬಿಗಳಿವೆ.

ಒಳಗೆ ನಾನು ಮತ್ತು ಸೀಟಿ ಮೇಷ್ಟ್ರು.

ಅವರು ಮೊಣಕಾಲಿನ ಧೂಳು ಕೊಡವಿಕೊಂಡು ನನ್ನ ಎಡಗೈ ನೋಡಿದರು.

"ಕೈಯಲ್ಲಿ ಏನ್ರೀ ಅದು?"

"ಗುರಾಣಿ."

"ಕುಕ್ಕರ್ ಮುಚ್ಚಳ ಅಲ್ವಾ?"

"ಗ್ಯಾಸ್ಕೆಟ್ ತೆಗೆದಿದ್ದೀನಿ" ಅಂದೆ.

ಅವರು ತಲೆಯಾಡಿಸಿ ಕುರ್ಚಿ ಎಳೆದುಕೊಂಡು ಕೂತರು. ಹೊರಗೆ ಒಬ್ಬೊಬ್ಬರದು ಒಂದೊಂದು ಸಲಹೆ. ಸೋಪಿನ ನೀರು ಹಾಕಿ ಅಂದರು ಒಬ್ಬರು. ಹಾಕಿದರು. ಟೇಬಲ್ಲು ಶುಭ್ರವಾಯಿತು, ಅಲುಗಲಿಲ್ಲ. ಬಾಗಿಲು ಒಡೆಯೋಣ ಅಂದರು ಇನ್ನೊಬ್ಬರು. ಅಧ್ಯಕ್ಷರು, ಬಾಗಿಲು ಒಡೆಯಲು ಸಭೆ ಕರೆಯಬೇಕು ಅಂದರು. ಸಭೆ ಸೇರುವ ಕೋಣೆ ಇದೇ.

ಹನ್ನೊಂದೂವರೆ ಆಗಿರಬೇಕು. ಸೀಟಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಬೇರೆಲ್ಲೋ ನೋಡುತ್ತಾ ಕೇಳಿದರು: "ಆ ನದಿ... ಕಟ್ಟಿದ ಮೇಲೆ ಏನಾಯ್ತು?"

ನಾನು ಬೆಚ್ಚಿದೆ. "ನಿಮಗೆ ಹೇಗೆ ಗೊತ್ತು?"

"ಬುಧವಾರ ನಾನು ಆ ಕಬ್ಬಿಣದ ಬಾಗಿಲ ಹಿಂದೆ ಮೆಟ್ಟಿಲ ಮೇಲೆ ಕೂತ್ಕೋತೀನಿ. ನೀವು ಜೋರಾಗಿ ಹೇಳ್ತೀರಲ್ಲ, ಕೇಳುತ್ತೆ. ಕೆಮ್ಮಿದ ಕಡೆ ಮಾತ್ರ ತಿಳಿಯಲ್ಲ."

"ಒಳಗೆ ಬಂದು ಕೂರಬಾರದಿತ್ತಾ?"

"ಯಾರೂ ಕರೀಲಿಲ್ಲವಲ್ಲ ಸಾರ್" ಅಂದರು. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. "ಒಂದು ಟೇಬಲ್ಲಾದ್ರೂ ಹಾಕ್ಕೊಂಡ್ರೆ ನಾಲ್ಕು ಜನ ಬರ್ತಾರೆ ಅಂತ..."

ಟೇಬಲ್ಲಿನ ಆಚೆಯಿಂದ ಯಾರೋ, "ಓದಿ ಸಾರ್, ನಮಗೂ ಹೊತ್ತು ಹೋಗಬೇಕು" ಅಂದರು. ನಾನು ಪುಸ್ತಕವನ್ನು ಟೇಬಲ್ಲಿನ ಒಳಗಿನ ತುದಿಯ ಮೇಲಿಟ್ಟು ತೆರೆದೆ. ಟೇಬಲ್ಲು ಓರೆಯಾಗಿದ್ದರಿಂದ ಪುಸ್ತಕ ಜಾರುತ್ತಿತ್ತು, ಸೀಟಿ ಮೇಷ್ಟ್ರು ಒಂದು ಕೈಯಿಂದ ಹಿಡಿದುಕೊಂಡರು. ಓಣಿಯಲ್ಲಿ ಜನ ನೆಲದ ಮೇಲೆ ಕೂತರು. ಅಷ್ಟು ದೊಡ್ಡ ಸಭೆಯನ್ನು ನಾನು ಕಂಡದ್ದಿಲ್ಲ.

ದೈತ್ಯರು ಮಂಜಿನ ಮೇಲೆ ಕಾಲಿಟ್ಟರು. ದೊರೆ ದಡದಲ್ಲಿ ನಿಂತ. ಅವನ ಒಳ್ಳೆಯ ಮಾತನ್ನು ಹೇಳಿದೆ. ಸೀಟಿ ಮೇಷ್ಟ್ರ ಕಣ್ಣು ಹೊಳೆಯಿತು. "ಗೆಲ್ತಾನೆ ಬಿಡಿ" ಅಂದರು. "ನಮ್ಮ ಜಾತಿಯವನು, ಕಾಲು ಬಿಚ್ಚೋನಲ್ಲ."

ಇದೇ ಜಾಗ. ಇಲ್ಲೇ ನಾನು ದೊರೆಯನ್ನು ಗೆಲ್ಲಿಸಬೇಕೆಂದು ಹತ್ತು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದೆ. ಬಾಗಿಲಿಗೆ ಕಚ್ಚಿಕೊಂಡ ಟೇಬಲ್ಲು ಕಣ್ಣಿಗೆ ಬಿತ್ತು.

"ಸತ್ತ" ಅಂದೆ.

ಸೀಟಿ ಮೇಷ್ಟ್ರು, "ಹೇಗೆ?" ಅಂದರು, ಸಣ್ಣ ದನಿಯಲ್ಲಿ.

"ಬೇಗ. ಒಂದೂವರೆ ಪುಟ."

ಮತ್ತೆ ಓದಿದೆ. ಕೆಮ್ಮದೆ ಓದಿದೆ; ಗೊತ್ತಿಲ್ಲದ ಪದ ಬಂದಲ್ಲಿ "ಇದು ನನಗೆ ಗೊತ್ತಿಲ್ಲ" ಅಂದು ಮುಂದೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ಸಾಲಿನ ದೈತ್ಯರಿಗೆ ದೊರೆ ಮತ್ತು ಬಂಟರು ಬಲಿಯಾದರು. ದೈತ್ಯರ ದೊಡ್ಡ ದಂಡು ಇನ್ನೂ ನದಿಯ ನಡುವೆ ಇತ್ತು, ಒಬ್ಬರ ಹಿಂದೆ ಒಬ್ಬರು. ಆಗ ಹಾರೆಯ ಹೆಂಗಸು ಬೀಗವಿಲ್ಲದ ಕೊಟ್ಟಿಗೆಯ ಬಾಗಿಲು ತೆಗೆದಳು. ನಲವತ್ತು ಜನ ಬಗ್ಗಿಕೊಂಡು, ಸದ್ದು ಮಾಡದೆ, ದಡದುದ್ದಕ್ಕೂ ಹರಡಿದರು. ಅವಳು ಕಿವಿಯನ್ನು ಮಂಜಿಗೆ ಆನಿಸಿದಳು. ಭಾರಕ್ಕೆ ಒಳಗೆಲ್ಲೋ ಅದು ಕಿರುಗುಡುತ್ತಿತ್ತು. ಎಲ್ಲಿ ಪೆಟ್ಟು ಹಾಕಬೇಕೆಂದು ಅವಳಿಗೆ ಗೊತ್ತಿತ್ತು, ದಿನಾ ಮಾಡಿದ ಕೆಲಸವಲ್ಲವೇ. ಹಾರೆಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದಳು.

ಪುಸ್ತಕ ಮುಚ್ಚಿದೆ.

"ಅಯ್ಯಯ್ಯೋ! ಓದ್ರೀ! ಹಾರೆ ಬಿತ್ತಾ? ಒಡೀತಾ?" ಓಣಿಯೇ ಎದ್ದು ನಿಂತಿತು. ಅಧ್ಯಕ್ಷರು, "ಏನಾಯ್ತು? ಏನಾಯ್ತು?" ಎಂದು ಪಕ್ಕದವರ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು.

"ಉಳಿದದ್ದು ಬುಧವಾರ" ಅಂದೆ. "ಕೋಣೆ ಇದ್ದರೆ."

ಇದರಲ್ಲಿ ಉಪಾಯ ಗಿಪಾಯ ಏನೂ ಇರಲಿಲ್ಲ. ಗಂಟಲು ಒಣಗಿತ್ತು, ಬಾಟಲಿಯ ನೀರು ಮುಗಿದಿತ್ತು, ಅಷ್ಟೇ.

ಸೀಟಿ ಮೇಷ್ಟ್ರು ನನ್ನನ್ನೂ ಟೇಬಲ್ಲನ್ನೂ ನೋಡಿದರು. "ಟೇಬಲ್ಲು ಗೋಡೆ ಪಕ್ಕ ಇದ್ರೆ ಬುಧವಾರ ಜನ ಕೂರೋಕೆ ಜಾಗ ಸಾಕಾಗುತ್ತಾ ಸಾರ್?" ಅಂದರು. ಸಾಕಾಗುತ್ತದೆ ಅಂದೆ. "ಹಾಗಾದ್ರೆ ಬುಧವಾರ ಆಟ ಇಲ್ಲ" ಎಂದು ಘೋಷಿಸಿ ಸೀಟಿ ಊದಿದರು. ಹೊರಗೆ ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರು ಇದನ್ನೇ ಸಭೆ ಅಂತ ಬರೆದುಕೊಂಡರು.

"ಆದ್ರೆ ಹೊರಗೆ ಬರೋದು ಹೇಗೆ?" ಅಂದರು ಯಾರೋ.

"ಸ್ಪ್ಯಾನರ್ ಬೇಕಿತ್ತಾ?" ಅಂದಳು ನಾದಿನಿ. ಚೀಲದಿಂದ ತೆಗೆದು ಕೊಟ್ಟಳು. ಬೋಲ್ಟಿನ ಅಳತೆಗೆ ಸರಿಯಾಗಿತ್ತು. ಎಂಟು ನಿಮಿಷದಲ್ಲಿ ಕಾಲು ಬಿಚ್ಚಿದರು, ಟೇಬಲ್ಲು ಬೆಣ್ಣೆಯ ಹಾಗೆ ಒಳಗೆ ಜಾರಿತು.

"ಈ ಮೂರು ಗಂಟೆ ಹೊತ್ತೂ ಇತ್ತಾ ಇದು ನಿನ್ನ ಹತ್ತಿರ?" ಅಂದೆ.

"ಯಾರೂ ಕೇಳಲಿಲ್ಲ ಭಾವ."

ಎಂಥ ಮರೆವು ಇವಳಿಗೆ! ಸಿಗ್ನಲ್ ಕ್ಯಾಬಿನ್ನಿನಲ್ಲಿ ಹೇಗೆ ಸಂಭಾಳಿಸಿದಳೋ.

ಡಿಸೆಂಬರ್ ೨, ಬುಧವಾರ

ಮೂವತ್ತೊಂದು ಜನ. ಕುರ್ಚಿ ಸಾಲದೆ ಕೆಲವರು ಟೇಬಲ್ಲಿನ ಮೇಲೆ ಕೂತರು. ನಲ್ಲಿಯವರು ಹೆಂಡತಿಯನ್ನು ಕರೆತಂದಿದ್ದರು. ಸೀಟಿ ಮೇಷ್ಟ್ರು ಬಾಗಿಲಲ್ಲಿ ನಿಂತು ಬಂದವರನ್ನು ಸಾಲಿನಲ್ಲಿ ಕೂರಿಸಿದರು, ಪಿಸುಗುಟ್ಟಿದವರಿಗೆ ಬೆರಳು ತೋರಿಸಿದರು.

ಹಾರೆ ಬಿತ್ತು. ಮಂಜು ಒಡೆಯಿತು. ಅರ್ಧ ದಂಡು ನೀರು ಪಾಲಾಯಿತು, ಉಳಿದದ್ದು ಆಚೆಗೆ ಓಡಿತು. ಜನ ಕಿರುಚಿದ ರೀತಿಗೆ ಮೇಲಿನ ಮಹಡಿಯವರು ಕೆಳಗಿಳಿದು ಬಂದರು; ಅವರನ್ನೂ ಕೂರಿಸಿದೆವು. ಊರಿನವರು ಹಾರೆಯ ಹೆಂಗಸನ್ನು ದೊರೆಯ ಪೀಠದಲ್ಲಿ ಕೂರಿಸಲು ಹೋದರೆ ಅವಳು, "ಆಮೇಲೆ ಕೂರ್ತೀನಿ. ನಾಳೆ ಬೆಳಿಗ್ಗೆ ಮತ್ತೆ ಕಟ್ಟಿರುತ್ತೆ, ಬೇಗ ಮಲಗಿ" ಅನ್ನುತ್ತಾಳೆ.

ಇಲ್ಲಿ ಜಗಳ ಹತ್ತಿತು. ಸೀಟಿ ಮೇಷ್ಟ್ರಿಗೆ ದೊರೆಯ ದುಃಖ ಇನ್ನೂ ಆರಿರಲಿಲ್ಲ. "ಏನೇ ಆಗಲಿ, ಅವನು ಗಂಡುಗಲಿ. ಎದುರಿಗೆ ನಿಂತ. ಇವಳು ಹಿಂದಿನಿಂದ ನೆಲ ಒಡೆದಳು" ಅಂದರು. ಹಿಂದಿನ ಕಟ್ಟಡದವರೆಲ್ಲ ಚಪ್ಪಾಳೆ ತಟ್ಟಿದರು.

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಿಮ್ಮ ದೊರೆ ಒಂದು ಹಾಡಿಗೋಸ್ಕರ ಊರನ್ನೇ ಪಣಕ್ಕಿಟ್ಟ. ಹಾಡು ಬೇಕಾದವನು ಹಾಡು ಕಲೀಲಿ. ದಿನಾ ಬೆಳಿಗ್ಗೆ ಎದ್ದು, ಯಾರೂ ನೋಡದಿದ್ರೂ, ಬೇಜಾರಾದ್ರೂ, ಗಡ್ಡೆ ಒಡೀತಾಳಲ್ಲ, ಅದಕ್ಕೆ ಎದೆ ಬೇಕು. ದಿನಾ ಒಂದೇ ಕೆಲಸ ಮಾಡೋಕೆ ಎಷ್ಟು ಎದೆ ಬೇಕು ಗೊತ್ತಾ ನಿಮಗೆ?" ಅಂದೆ. ದನಿ ಯಾಕೋ ಸ್ವಲ್ಪ ಒಡೆಯಿತು. ದರ್ಜಿಯಮ್ಮ ಬಿಸಿನೀರು ತರಲು ಎದ್ದರು.

ಗಡಿಯಾರದವರು, "ಅಲ್ಲ ಸಾರ್, ನೀವು ಹೋದ ತಿಂಗಳು..." ಎಂದು ಶುರುಮಾಡಿದರು.

"ನಾನು ಮೊದಲಿನಿಂದಲೂ ಹೇಳ್ತಾ ಬಂದಿರೋದು ಇದನ್ನೇ" ಅಂದೆ.

ನಾದಿನಿ ಏನೋ ಹೇಳಲು ಬಾಯಿ ತೆರೆದಳು. ನನ್ನನ್ನೇ ನೋಡಿದಳು. ಮುಚ್ಚಿಕೊಂಡಳು. ಕಣ್ಣಂಚಿನಲ್ಲಿ ನಗು ಇತ್ತೋ ನೀರಿತ್ತೋ ಹೇಳಲಾರೆ, ಕನ್ನಡಕ ಒರೆಸಿರಲಿಲ್ಲ. ಬಹುಶಃ ಅವಳಿಗೂ ನನ್ನ ಮಾತು ಈಗ ತಡವಾಗಿ ಅರ್ಥವಾಗುತ್ತಿದೆ. ಪರವಾಗಿಲ್ಲ, ನಿಧಾನವಾಗಿ ವಿವರಿಸಿದರೆ ತಿಳಿಯುತ್ತದೆ. ನಾಳೆ ಊಟಕ್ಕೆ ಬರುವಂತೆ ಹೇಳಿದ್ದಾಳೆ. ಸೀಟಿ ಮೇಷ್ಟ್ರೂ ಬರುತ್ತಾರಂತೆ, ಅವರಿಗೂ ವಿವರಿಸಬೇಕು.